ಕಾಯಿಲಕ್ಕ ಸುತ್ತದ ಯಂತ್ರಗಳು

ಆ ಹೆಸರನ್ನು ಮೊದಲ ಸಲ ಕೇಳಿದವರೆಲ್ಲ, ಪಾಪ, ಏನು ಕಾಯಿಲೆಯಂತೆ ಅಂತ ವಿಚಾರಿಸುತ್ತಿದ್ದರು. ಕಾಯಿಲೆ ಗೀಯಿಲೆ ಏನೂ ಇರಲಿಲ್ಲ. ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿಯನ್ನು ಸುರುಳಿ ಮಾಡಿ ಕೂರಿಸುತ್ತಾರಲ್ಲ, ಆ ಸುರುಳಿಗೆ ಕಸುಬಿನವರು ಕಾಯಿಲ್ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಅದನ್ನೇ ಸುತ್ತಿ ಸುತ್ತಿ ಅವಳು ಕಾಯಿಲಕ್ಕ ಆದಳು. ಆಳು ಕಲ್ಲುಗುಂಡಿನ ಹಾಗಿದ್ದಳು. ಕಾಯಿಲೆ ಅಂತ ಒಂದು ಹೇಳಲೇಬೇಕಾದರೆ ಕೋಪ ಅನ್ನಬಹುದು, ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸ್ಕೂಲ್ ವ್ಯಾನ್ ಓಡಿಸುವ ಗಂಡ, ಬೆಳಗ್ಗೆ ಎದ್ದ ತಕ್ಷಣ ಹೆಂಡತಿಯ ಮೂಗು ನೋಡಿಯೇ ಆ ದಿನ ಎಷ್ಟು ಮಾತಾಡಬೇಕು ಅಂತ ತೀರ್ಮಾನಿಸುತ್ತಿದ್ದ.

ಆದರೆ ಅವಳ ಕೋಪ ಸುಮ್ಮಸುಮ್ಮನೆ ಬರುವ ಜಾತಿಯದಲ್ಲ. ಅರೆಬರೆ ಕೆಲಸ ಕಂಡರೆ ಬರುತ್ತಿತ್ತು, ಸುಳ್ಳು ಕಂಡರೆ ಬರುತ್ತಿತ್ತು. ಈ ಎರಡೂ ಒಟ್ಟಿಗೆ ಸಿಕ್ಕಿದ ಜಾಗದಲ್ಲಿ ಅವಳು ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಅದೇ ಆಶ್ಚರ್ಯ.

ಕಸುಬು ಕಲಿಸಿದವರು ಮಾವ, ಅಂದರೆ ಗಂಡನ ತಂದೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ರೀವೈಂಡಿಂಗ್ ಅಂಗಡಿ. ಒಳಗೆ ಹೋದರೆ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮಗ ಆ ವಾಸನೆಗೆ ಹೆದರಿ ವ್ಯಾನಿನ ಸ್ಟಿಯರಿಂಗ್ ಹಿಡಿದ. ಸೊಸೆ ಮಾತ್ರ ಮದುವೆಯಾದ ಮೂರನೇ ತಿಂಗಳು ಊಟ ತಂದುಕೊಟ್ಟವಳು, ಮಾವ ಕೈ ತೊಳೆಯಲು ಹೋದಾಗ ಅರ್ಧ ಸುತ್ತಿದ್ದ ಕಾಯಿಲನ್ನು ತಾನೇ ಸುತ್ತಿ ಮುಗಿಸಿಬಿಟ್ಟಿದ್ದಳು. ಮಾವ ಬಂದು ಸುತ್ತುಗಳನ್ನು ಎಣಿಸಿದರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವರು ಹೊಗಳಲಿಲ್ಲ, ಹೊಗಳುವ ಅಭ್ಯಾಸವೇ ಅವರಿಗಿರಲಿಲ್ಲ. ಮಾರನೆಯ ದಿನದಿಂದ ಊಟದ ಡಬ್ಬಿ ಎರಡಾಯಿತು.

ಸುಟ್ಟ ಮೋಟಾರು ಬಂದರೆ ಹಳೆಯ ತಂತಿ ಕಿತ್ತು, ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು, ಸಂದಿಗಳಿಗೆ ಕಾಗದ ಹಾಸಿ, ಹೊಸ ಕಾಯಿಲ್ ಇಳಿಸಿ, ದಾರದಲ್ಲಿ ಬಿಗಿದು, ವಾರ್ನಿಷ್ ಕುಡಿಸಿ, ಒಲೆಯಲ್ಲಿ ಒಣಗಿಸಬೇಕು. ಒಂದು ಸುತ್ತು ತಪ್ಪಿದರೆ ಮೋಟಾರು ಅಂಗಡಿಯಲ್ಲಿ ಚೆನ್ನಾಗಿಯೇ ತಿರುಗುತ್ತದೆ, ಗಿರಾಕಿಯ ಮನೆಗೆ ಹೋಗಿ ಬಿಸಿಯಾಗಿ ಸಾಯುತ್ತದೆ. ಅದಕ್ಕೇ ಆ ಅಂಗಡಿಯಲ್ಲೊಂದು ಕಟ್ಟಳೆ. ಸುತ್ತಿದವರು ಉಗುರಿನಷ್ಟು ತಾಮ್ರದ ತಗಡಿನ ಮೇಲೆ ತಮ್ಮ ಗುರುತು ಹೊಡೆದು ದಾರದ ಕೆಳಗೆ ಸಿಕ್ಕಿಸಬೇಕು. ಮಾವನದು ಒಂದು ಗೀಟು, ಅವಳದು ಮೂರು ಚುಕ್ಕೆ. ಮೋಟಾರು ಮತ್ತೆ ಸುಟ್ಟು ಬಂದರೆ ಆ ಗುರುತಿನವರೇ ಗಿರಾಕಿಯ ಎದುರು ಅದನ್ನು ಬಿಚ್ಚಿ, ಎಲ್ಲಿ ತಪ್ಪಿತು ಅಂತ ತೋರಿಸಿ, 'ತಪ್ಪು ನನ್ನದು' ಅಂತ ಬಾಯಿಬಿಟ್ಟು ಹೇಳಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಮಾತನ್ನು ಮೂರು ಸಲ ಹೇಳಿದ್ದಳು. ಮೂರೂ ಸಲ ಆ ರಾತ್ರಿ ಅವಳಿಗೆ ಅನ್ನ ಇಳಿದಿರಲಿಲ್ಲ.

ಆಮೇಲೆ ದೇಶಕ್ಕೆ ಹಸಿರು ನೀತಿ ಬಂತು. ಹೊಗೆ ಕಡಿಮೆಯಾಗಬೇಕು, ಕಲ್ಲಿದ್ದಲು ಉರಿಸುವುದು ನಿಲ್ಲಬೇಕು, ಗಾಳಿಯಿಂದ ಬಿಸಿಲಿನಿಂದ ಕರೆಂಟು ತೆಗೆಯಬೇಕು. ಇದರಲ್ಲಿ ಯಾವುದಕ್ಕೂ ಕಾಯಿಲಕ್ಕನ ತಕರಾರಿರಲಿಲ್ಲ. ತಕರಾರು ಇದ್ದದ್ದು ಒಂದು ಕಲಮಿಗೆ: ಹಳೆಯ ಮೋಟಾರು ಕರೆಂಟು ಕುಡಿಯುತ್ತದೆ, ಅದನ್ನು ತಂದು ಗುಜರಿಗೆ ಹಾಕಿ, ಹೊಸದನ್ನು ರಿಯಾಯಿತಿಯಲ್ಲಿ ಒಯ್ಯಿರಿ. ಹೊಸ ಮೋಟಾರು ಕರೆಂಟು ಉಳಿಸುವುದು ನಿಜವೇ, ಅವಳೇ ಮೀಟರ್ ಹಿಡಿದು ನೋಡಿದ್ದಳು. ಆದರೆ ಅದು ಮುಚ್ಚಿ ಮೊಹರು ಹಾಕಿದ ಡಬ್ಬಿ. ಸುಟ್ಟರೆ ಬಿಚ್ಚುವ ಹಾಗಿಲ್ಲ, ಎಸೆಯಬೇಕು. ಎಸೆದಿದ್ದರ ಜಾಗಕ್ಕೆ ಇನ್ನೊಂದು ಹಡಗಿನಲ್ಲಿ ಬರಬೇಕು. ಇಪ್ಪತ್ತು ವರ್ಷ ಬಾಳುವ ಹಾಗೆ ಮತ್ತೆ ಮತ್ತೆ ಸುತ್ತಿಕೊಡುತ್ತಿದ್ದ ಅಂಗಡಿ ದೇಶಕ್ಕೆ ಕೊಳಕು, ಎರಡು ವರ್ಷಕ್ಕೆ ಕಸವಾಗುವ ಡಬ್ಬಿ ಹಸಿರು. ಈ ಲೆಕ್ಕ ಯಾವ ಬುದ್ಧಿವಂತ ಮಾಡಿದ ಅಂತ ಅವಳು ಬಂದವರನ್ನೆಲ್ಲ ಕೇಳಿದಳು. ಬಂದವರೆಲ್ಲ ತಲೆಯಾಡಿಸಿ, ರಿಯಾಯಿತಿ ಎಲ್ಲಿಯವರೆಗೆ ಇದೆ ಅಂತ ವಿಚಾರಿಸಿಕೊಂಡು ಹೋದರು.

ಒಂದೂವರೆ ವರ್ಷಕ್ಕೆ ಅಂಗಡಿ ಬಾಗಿಲು ಹಾಕಿತು. ಮಾವನಿಗೆ ಎಪ್ಪತ್ತಾಗಿತ್ತು, ಅವರು ಮಾತಾಡದೆ ಮನೆಗೆ ಬಂದು ಕಿಟಕಿಯ ಬಳಿ ಕೂತರು. ಅವಳಿಗೆ ನಲವತ್ತಮೂರು, ಕೂರುವ ವಯಸ್ಸಲ್ಲ.

ಆಗ ಊರ ಹೊರಗೆ ಗಾಳಿಯಂತ್ರದ ಕಾರ್ಖಾನೆ ಎದ್ದಿತು. ಗಾಳಿಗೆ ರೆಕ್ಕೆ ತಿರುಗಿದಾಗ ಕರೆಂಟು ಹುಟ್ಟಿಸುವ ಜನರೇಟರನ್ನು ಇನ್ನು ನಮ್ಮ ನೆಲದಲ್ಲೇ, ನಮ್ಮ ಕೈಯಲ್ಲೇ ತಯಾರಿಸುತ್ತಾರಂತೆ. ಹಾಗೆ ತಯಾರಿಸುವ ಕಂಪನಿಗೆ ಸರ್ಕಾರ ಜಮೀನು ಕೊಡುತ್ತದೆ, ನೆರವು ಕೊಡುತ್ತದೆ, ತೆರಿಗೆ ಬಿಡುತ್ತದೆ. ಷರತ್ತು ಒಂದೇ, ಒಳಗಿನ ವೈಂಡಿಂಗ್, ಅಂದರೆ ತಂತಿ ಸುತ್ತುವ ಕೆಲಸ, ಇಲ್ಲೇ ಆಗಬೇಕು. ಅನುಭವಿ ವೈಂಡರ್‌ಗಳು ಬೇಕಾಗಿದ್ದಾರೆ ಅನ್ನುವ ಜಾಹೀರಾತನ್ನು ಗಂಡನೇ ತಂದು ತೋರಿಸಿದ. ಅವಳು ಅದನ್ನು ಎರಡು ಸಲ ಓದಿ, ಮಾವನಿಗೂ ಓದಿ ಹೇಳಿದಳು. ಕಿತ್ತುಕೊಂಡ ನೀತಿಯೇ ಮರಳಿಸುತ್ತಿದೆಯಲ್ಲ ಅಂತ ಅವಳಿಗೆ ಅಂದು ನಿಜವಾಗಿ ಖುಷಿಯಾಯಿತು. ಆ ಖುಷಿ ನೆನೆಸಿಕೊಂಡರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಸಂದರ್ಶನದಲ್ಲಿ ಮ್ಯಾನೇಜರ್ ಅವಳ ಅಂಗೈ ನೋಡಿಯೇ ಹಿರಿಯ ವೈಂಡರ್ ಅಂತ ನೇಮಿಸಿದ. ಮಾತಿಗೆ ಬೆಣ್ಣೆ ಹಚ್ಚಿ ಮಾತಾಡುವ ಮನುಷ್ಯ, ಎಲ್ಲ ಹೆಂಗಸರಿಗೂ 'ಅಮ್ಮ' ಅನ್ನುತ್ತಿದ್ದ. ವೈಂಡಿಂಗ್ ವಿಭಾಗ ಅಂತ ದೊಡ್ಡ ಅಕ್ಷರದ ಬೋರ್ಡು. ಬೋರ್ಡಿನ ಕೆಳಗೆ ಹದಿನಾಲ್ಕು ಹೆಂಗಸರು. ಕಾಯಿಲಕ್ಕನೊಬ್ಬಳನ್ನು ಬಿಟ್ಟರೆ ಉಳಿದವರಲ್ಲಿ ಯಾರೂ ಮೋಟಾರಿನ ಒಳಗೆ ಇಣುಕಿ ನೋಡಿದವರಲ್ಲ. ಅವಳ ಪಕ್ಕದ ಮೇಜಿನವಳು ಅವಳಿ ಮಕ್ಕಳ ತಾಯಿ, ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದಳು. ಎಲ್ಲರೂ ಅವಳನ್ನು ಅವಳಿಯಮ್ಮ ಅನ್ನುತ್ತಿದ್ದರು.

ಮೊದಲ ದಿನ ಲಾರಿಯಿಂದ ಮರದ ಪೆಟ್ಟಿಗೆ ಇಳಿಯಿತು. ತೆರೆದರೆ ಪೂರ್ತಿ ತಯಾರಾದ ಜನರೇಟರ್. ಒಳಗೆ ಕಾಯಿಲ್, ಹೊರಗೆ ಬಣ್ಣ, ಮೈಮೇಲೆ ಸಮುದ್ರದಾಚೆಯ ಕಂಪನಿಯ ಹೆಸರಿನ ತಗಡು. ಕೆಲಸ ಏನೆಂದರೆ, ಆ ತಗಡಿನ ರಿವೆಟ್ ಕೀಳುವುದು, ಮೈಮೇಲೆ ಅಚ್ಚಾದ ಅಕ್ಷರಗಳನ್ನು ಬ್ಲೇಡಿನಿಂದ ಕೆರೆಯುವುದು, ಥಿನ್ನರ್ ಬಟ್ಟೆಯಿಂದ ಒರೆಸುವುದು, ಹಸಿರು ಬಣ್ಣ ಊದುವುದು, ನಮ್ಮ ನಾಡಿನಲ್ಲೇ ತಯಾರಾದದ್ದು ಅನ್ನುವ ಹೊಸ ತಗಡು ಹೊಡೆಯುವುದು. ಸುತ್ತುವ ಯಂತ್ರಗಳು ಮುಂದಿನ ತಿಂಗಳು ಬರುತ್ತವೆ ಅಮ್ಮ, ಅಲ್ಲಿಯವರೆಗೆ ಇದು ಅಂದ ಮ್ಯಾನೇಜರ್. ಮುಂದಿನ ತಿಂಗಳು ಬಂತು. ಯಂತ್ರದ ಬದಲು ಇನ್ನಷ್ಟು ಪೆಟ್ಟಿಗೆಗಳು ಬಂದವು. ಕಾಗದದಲ್ಲಿ ಕಂಪನಿ ಗಾಳಿಯಂತ್ರ ಕಟ್ಟುತ್ತಿತ್ತು, ಕಾಯಿಲಕ್ಕ ಅದಕ್ಕೆ ಗಾಳಿಗೋಪುರ ಅಂತ ಹೆಸರಿಟ್ಟಳು.

ಅಷ್ಟೆಲ್ಲ ಗೊತ್ತಿದ್ದೂ ಅವಳು ಏಕೆ ಬಿಟ್ಟು ಬರಲಿಲ್ಲ ಅಂತ ಕೇಳಬಹುದು. ಅವಳೂ ತನ್ನನ್ನು ಕೇಳಿಕೊಳ್ಳುತ್ತಿದ್ದಳು. ಯಂತ್ರ ಬಂದೇ ಬರುತ್ತದೆ ಅನ್ನುವ ಆಸೆ ಒಂದು. ಮಾವ ದಿನಾ ಸಂಜೆ, ಇವತ್ತು ಎಷ್ಟು ಸುತ್ತಿದೆ ಅಂತ ಕೇಳುತ್ತಿದ್ದರು, ಅದು ಇನ್ನೊಂದು. ಅವಳು ಏನೋ ಒಂದು ಸಂಖ್ಯೆ ಹೇಳುತ್ತಿದ್ದಳು. ಸುಳ್ಳು ಕಂಡರೆ ಉರಿದು ಬೀಳುವವಳು ದಿನಕ್ಕೊಂದು ಸುಳ್ಳು ಹೇಳಿ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮ್ಯಾನೇಜರ್ ಅವಳನ್ನು ಕೋಣೆಗೆ ಕರೆಸಿ ಕುರ್ಚಿ ಕೊಟ್ಟ. ರಾಜಧಾನಿಯಿಂದ ತಪಾಸಣೆಗೆ ಅಧಿಕಾರಿ ಬರುತ್ತಾರೆ, ವೈಂಡಿಂಗ್ ಇಲ್ಲೇ ನಡೆದಿದೆ ಅಂತ ಅವರಿಗೆ ಖಾತ್ರಿಯಾಗಬೇಕು ಅಂದ. ಹಳೆಯ ಅಂಗಡಿಯಲ್ಲಿ ನಿಮ್ಮದೊಂದು ಗುರುತು ಇತ್ತಂತಲ್ಲ, ಮೂರು ಚುಕ್ಕೆ, ಊರಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿರುವ ನಲವತ್ತು ಜನರೇಟರಿಗೂ ಸಿಕ್ಕಿಸಿಬಿಡಿ ಅಂದ. ಒಂದು ಗಂಟೆಯ ಕೆಲಸ.

ಇದು ಕೆರೆಯುವ ಕೆಲಸದಂಥದ್ದಲ್ಲ. ತಗಡಿನ ಮೇಲಿನ ಹೆಸರು ಕಂಪನಿಯದು, ಸುಳ್ಳಾದರೆ ಅವರ ಪಾಡು. ಮೂರು ಚುಕ್ಕೆ ಅವಳದು.

"ಕಂಬದ ಮೇಲೆ ಕೂತ ಯಂತ್ರ ಸುಟ್ಟುಹೋದ್ರೆ ತಪ್ಪು ನನ್ನದು ಅಂತ ಯಾರು ಹೇಳ್ಬೇಕು ಸಾರ್? ನಾನಾ?" ಅಂದಳು. "ನಾನು ಮುಟ್ಟದೇ ಇರೋ ಕಾಯಿಲ್‌ಗೆ ನನ್ನ ತಲೆ ಮೇಲೆ ಗೂಬೆ ಕೂರಿಸ್ತೀರಾ?"

ಮ್ಯಾನೇಜರ್ ನಕ್ಕ. ಅಷ್ಟು ದೂರ ಯೋಚಿಸಬೇಡಿ ಅಂದ. ಆಮೇಲೆ ನಗು ತೆಗೆದಿಟ್ಟು, ತಪಾಸಣೆ ಪಾಸಾದರೆ ಯಂತ್ರಗಳು ಬರುತ್ತವೆ, ಇಲ್ಲದಿದ್ದರೆ ನೆರವು ನಿಲ್ಲುತ್ತದೆ, ಹದಿನಾಲ್ಕು ಮನೆಗಳ ಒಲೆ ನಿಮ್ಮ ಕೈಯಲ್ಲಿದೆ ಅಂದ. ಈ ಮಾತು ಅವಳಿಗೆ ಚುಚ್ಚಿತು. ಚುಚ್ಚಲೆಂದೇ ಅವನು ಹೇಳಿದ್ದು ಅನ್ನುವುದೂ ಗೊತ್ತಾಗಿ ಇನ್ನಷ್ಟು ಚುಚ್ಚಿತು. ಆದರೂ ಆಗಲ್ಲ ಅಂತ ಹೇಳಿ ಎದ್ದು ಬಂದಳು.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಂಡು, ಮೂರು ಚುಕ್ಕೆ ತಾನೇ, ಹಾಕಿಬಿಡು, ಯಾರು ಅಲ್ಲಿ ಹತ್ತಿ ನೋಡುತ್ತಾರೆ ಅಂದ. ಆಮೇಲೆ ಅವಳ ಮೂಗು ನೋಡಿ ವ್ಯಾನ್ ತೊಳೆಯಲು ಹೋದ.

ತಪಾಸಣೆಯ ದಿನ ಕಾರ್ಖಾನೆಯ ನೆಲವನ್ನು ಎರಡು ಸಲ ಒರೆಸಿದರು. ಹದಿನಾಲ್ಕು ಜನಕ್ಕೂ ಹೊಸ ಏಪ್ರನ್ ಬಂತು. ಅಧಿಕಾರಿ ಕನ್ನಡಕದ, ಸುಸ್ತಾದ ಮನುಷ್ಯ. ಎಲ್ಲಿ ನೋಡಿದರೂ ಹಸಿರು ಬಣ್ಣ ಬಳಿದ ಜನರೇಟರ್‌ಗಳು ಸಾಲಾಗಿ ನಿಂತಿದ್ದವು. ಮ್ಯಾನೇಜರ್ ಅಧಿಕಾರಿಯನ್ನು ನೇರವಾಗಿ ಕಾಯಿಲಕ್ಕನ ಎದುರು ತಂದು ನಿಲ್ಲಿಸಿ, ಇವರು ನಮ್ಮ ಹಿರಿಯ ವೈಂಡರ್, ಇಪ್ಪತ್ತೆರಡು ವರ್ಷದ ಅನುಭವ ಅಂದ.

ಅವಳು ಅದಕ್ಕೇ ಕಾದಿದ್ದಳು. ಒಂದು ಜನರೇಟರಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟಳು. ಸಾರ್, ಇದನ್ನು ನಾನು ಸುತ್ತಿಲ್ಲ, ಇಲ್ಲಿ ಯಾರೂ ಸುತ್ತಿಲ್ಲ ಅಂತ ಶುರುಮಾಡಿ ಒಂದೊಂದಾಗಿ ತೋರಿಸಿದಳು. ಈ ದಾರದ ಗಂಟು ಯಂತ್ರ ಹಾಕಿದ್ದು, ಕೈಗಂಟು ಹೀಗಿರುವುದಿಲ್ಲ. ಈ ಸಂದಿಯ ಕಾಗದವನ್ನು ಒಂದೇ ಅಳತೆಗೆ ಅಚ್ಚಿನಲ್ಲಿ ಕತ್ತರಿಸಿದ್ದಾರೆ, ಅಂಥ ಅಚ್ಚು ಇಲ್ಲಿಲ್ಲ. ಈ ವಾರ್ನಿಷ್ ಒಣಗಿಸಲು ಆಳೆತ್ತರದ ಒಲೆ ಬೇಕು, ಒಲೆ ಎಲ್ಲಿದೆ ಕೇಳಿ. ನಾನೇ ಸುತ್ತಿದ್ದರೆ ಈ ಮೂಲೆಯಲ್ಲಿ ಇನ್ನೊಂದು ಪದರ ಹಾಕುತ್ತಿದ್ದೆ, ಗಾಳಿಯಂತ್ರ ಅದುರುತ್ತದೆ, ತಂತಿ ಇಲ್ಲೇ ಉಜ್ಜಿ ಸವೆಯುತ್ತದೆ. ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತು. ಅಧಿಕಾರಿ ಮಧ್ಯೆ ಬಾಯಿ ಹಾಕದೆ ಬರೆದುಕೊಳ್ಳುತ್ತಿದ್ದರು. ಕೊನೆಗೂ ಕೇಳುವ ಕಿವಿ ಸಿಕ್ಕಿತು ಅಂದುಕೊಂಡಳು.

ಅವರು ಬರೆದು ಮುಗಿಸಿ ಫೈಲನ್ನು ಮೇಜಿನ ಮೇಲಿಟ್ಟರು. ಅವಳು ತಲೆಕೆಳಗಾದ ಅಕ್ಷರಗಳನ್ನೇ ಓದಿದಳು. ಕುಶಲ ವೈಂಡರ್ ಇದ್ದಾರೆ. ವೈಂಡಿಂಗ್ ಕುರಿತ ಜ್ಞಾನ ತೃಪ್ತಿಕರ.

ಬೇರೇನೂ ಇರಲಿಲ್ಲ. ಅವಳ ಇಪ್ಪತ್ತೆರಡು ವರ್ಷವನ್ನು ಅವಳ ಬಾಯಿಂದಲೇ ತೆಗೆಸಿ ಕಂಪನಿಯ ಸುಳ್ಳಿಗೆ ಸಾಕ್ಷಿ ಮಾಡಿಕೊಂಡಿದ್ದರು. ಅವಳಿಗೆ ಆ ಮನುಷ್ಯನ ಕನ್ನಡಕ ಕಿತ್ತು ಜನರೇಟರಿನೊಳಗೆ ಹಾಕಬೇಕು ಅನ್ನಿಸಿತು.

"ನಾನು ಹೇಳಿದ್ದು ಇದಲ್ಲ ಸಾರ್," ಅಂದಳು.

"ನನ್ನ ಪಟ್ಟಿಯಲ್ಲಿ ಇರೋದು ಇಷ್ಟೇ ಅಮ್ಮ, ವೈಂಡರ್ ಇದ್ದಾರಾ, ಇಲ್ವಾ. ನೀವಿದ್ದೀರಲ್ಲ," ಅಂದರು ಅವರು. ಅದರಲ್ಲಿ ಕೆಟ್ಟತನವೇನೂ ಕಾಣಲಿಲ್ಲ, ಬೇಗ ಮುಗಿಸುವ ಆತುರವಿತ್ತು ಅಷ್ಟೆ.

ಇನ್ನು ಉಳಿದದ್ದು ಒಂದು ಹಾಳೆ, ಕೆಲಸಗಾರರ ಹೇಳಿಕೆ. ಹೆಸರು, ಕೈಗೊಂಡ ಕೆಲಸ, ಸಹಿ. ಅವರವರ ಕೈಬರಹದಲ್ಲೇ ಇರಬೇಕು. ಮೊದಲನೆಯವರು ವೈಂಡಿಂಗ್ ಅಂತ ಬರೆಯಿರಿ, ಉಳಿದವರದು ಗೊತ್ತಲ್ಲ, ಎಂದಿನ ಹಾಗೆ ಅಂತ ಹೇಳಿ ಮ್ಯಾನೇಜರ್ ಅಧಿಕಾರಿಯನ್ನು ಚಹಾಕ್ಕೆ ಕರೆದೊಯ್ದ. ಎಂದಿನ ಹಾಗೆ ಅಂದರೆ ಎರಡು ಗೀಟು. ಏಪ್ರನ್ ಕೊಡಲಿ, ಕೈಗವಸು ಕೊಡಲಿ, ಆ ವಿಭಾಗದಲ್ಲಿ ಯಾವ ಹಾಳೆ ಬಂದರೂ ಹಿರಿಯಳಾದ ಕಾಯಿಲಕ್ಕ ಮೊದಲ ಸಾಲು ತುಂಬುತ್ತಿದ್ದಳು, ಉಳಿದ ಹದಿಮೂರು ಜನ ಅದರ ಕೆಳಗೆ 'ಮೇಲಿನಂತೆ' ಅಂತ ಎರಡು ಗೀಟು ಎಳೆದು ಸಹಿ ಹಾಕುತ್ತಿದ್ದರು. ಮೇಲೇನಿದೆ ಅಂತ ಯಾರೂ ಓದುತ್ತಿರಲಿಲ್ಲ.

ಕಾಯಿಲಕ್ಕ ಪೆನ್ನು ತೆಗೆದುಕೊಂಡು ದುಂಡಗೆ ಬರೆದಳು: ಹಡಗಿನಲ್ಲಿ ಬಂದ ಯಂತ್ರದ ಹಳೆ ತಗಡು ಕಿತ್ತು, ಹೆಸರು ಕೆರೆದು, ಹೊಸ ತಗಡು ಹೊಡೆದದ್ದು. ಸಹಿ ಹಾಕಿ ಹಾಳೆಯನ್ನು ಪಕ್ಕಕ್ಕೆ ದಾಟಿಸಿದಳು. ಅವಳಿಯಮ್ಮ ಎರಡು ಗೀಟು ಎಳೆದಳು. ಅವಳ ಪಕ್ಕದವಳು ಎರಡು ಗೀಟು ಎಳೆದಳು. ಹಾಳೆ ಸಾಲಿನ ಕೊನೆಗೆ ಹೋಗಿ ಬಂತು. ಕಾಯಿಲಕ್ಕ ನೋಡುತ್ತಲೇ ಇದ್ದಳು. ಓದಿ ನೋಡ್ರೇ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೋಪದಲ್ಲಿ ಅವಳಿಗೆ ಅದು ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು.

ಚಹಾ ಮುಗಿಸಿ ಬಂದ ಅಧಿಕಾರಿ ಹಾಳೆ ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಹದಿನಾಲ್ಕು ಜನರೂ ಒಂದೇ ಹೇಳಿಕೆ ಕೊಟ್ಟಿದ್ದಾರಲ್ಲ ಅಂದರು. ಮ್ಯಾನೇಜರ್ ಹೌದು ಸಾರ್ ಅಂತ ನಕ್ಕ, ಹಾಳೆ ಕೈಗೆ ಬಂದ ಮೇಲೆ ನಗು ನಿಂತಿತು. ಅವನ ಬಾಯಿಂದ ಆ ದಿನ 'ಅಮ್ಮ' ಅನ್ನುವ ಪದ ಮತ್ತೆ ಬರಲಿಲ್ಲ. ಅವನು ಗಟ್ಟಿಯಾಗಿ ಓದಿ, ಇದು ನಿಮ್ಮ ಹೇಳಿಕೆಯಾ ಅಂತ ಸಾಲಿನ ಮುಂದೆ ಒಬ್ಬೊಬ್ಬರನ್ನೂ ಕೇಳುತ್ತಾ ಬಂದ. ಹೆಂಗಸರ ಮುಖ ಬಿಳಿಚಿಕೊಂಡಿತು.

ಅವಳಿಯಮ್ಮ ಕಾಯಿಲಕ್ಕನ ಕಡೆ ತಿರುಗಿದಳು. "ಅಕ್ಕಾ, ನಿನಗೆ ಕೋಪ ಬಂದ್ರೆ ನಿನ್ನ ಸಾಲಲ್ಲಿ ಬರ್ಕೋಬೇಕಿತ್ತು. ನನ್ನ ಮಕ್ಕಳ ಊಟ ಯಾಕೆ ಅದರ ಕೆಳಗೆ ಹಾಕಿಸ್ದೆ? ಓದು ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

ಎದುರಿಗಿದ್ದವರ ಮೇಲೆಲ್ಲ ಇದ್ದ ಸಿಟ್ಟು ತಿರುಗಿ ಕಾಯಿಲಕ್ಕನ ಮೈಮೇಲೇ ಬಂತು. ತನ್ನ ಗುರುತು ಬೇರೆಯವರು ಬಳಸಬಾರದು ಅಂತ ಇಷ್ಟು ಹಾರಾಡಿದವಳು, ಹದಿಮೂರು ಜನರ ಸಹಿಯನ್ನು ಅವರಿಗೆ ಹೇಳದೆಯೇ ಬಳಸಿಕೊಂಡಿದ್ದಳು.

"ತಪ್ಪು ನನ್ನದು," ಅಂದಳು.

ಅಧಿಕಾರಿ ಗಡಿಯಾರ ನೋಡಿಕೊಂಡರು. ಗೊಂದಲ ಆಗಿರಬೇಕು, ಇನ್ನೊಂದು ಹಾಳೆ ಕೊಡಿ, ಒಬ್ಬೊಬ್ಬರೇ ಯೋಚಿಸಿ ಬರೆಯಲಿ ಅಂದರು. ಹೊಸ ಹಾಳೆ ಬಂತು. ಈ ಸಲ ಮ್ಯಾನೇಜರ್ ಕಾಯಿಲಕ್ಕನನ್ನು ದಾಟಿ ಪೆನ್ನನ್ನು ಅವಳಿಯಮ್ಮನ ಕೈಗೆ ಕೊಟ್ಟ. ಬರೆಯಿರಿ, ವೈಂಡಿಂಗ್, ಅಷ್ಟೇ ಅಂದ.

ಅವಳಿಯಮ್ಮ ಪೆನ್ನಿನ ಮುಚ್ಚಳ ತೆಗೆದಳು. ಹೆಸರು ಬರೆದಳು. ಎರಡನೇ ಕಾಲಮ್ಮಿಗೆ ಬಂದು ನಿಲ್ಲಿಸಿದಳು. ಅವಳಲ್ಲಿ ಹಟವಾಗಲಿ ಕೊಂಕಾಗಲಿ ಇರಲಿಲ್ಲ. ಇನ್ನೊಂದು ಸಲ ಓದದೆ ಸಹಿ ಹಾಕಬಾರದು ಅನ್ನುವುದೊಂದೇ ತಲೆಯಲ್ಲಿತ್ತು.

"ಬರೀತೀನಿ ಸಾರ್. ಆದ್ರೆ ವೈಂಡಿಂಗ್ ಅಂದ್ರೆ ಏನು? ಎರಡು ತಿಂಗಳಾಯ್ತು, ಯಾರೂ ಹೇಳ್ಲಿಲ್ಲ."

ಕಾಯಿಲಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪಕ್ಕದ ಮೇಜಿನಲ್ಲೇ ಎರಡು ತಿಂಗಳು ಕೂತು, ಸಿಟ್ಟು ನುಂಗಿಕೊಳ್ಳುವುದೇ ದೊಡ್ಡ ಕೆಲಸ ಅಂದುಕೊಂಡು, ಇವಳಿಗೆ ಒಂದು ಸುತ್ತನ್ನೂ ಹೇಳಿಕೊಟ್ಟಿರಲಿಲ್ಲ.

"ನಾನು ತೋರಿಸ್ತೀನಿ," ಅಂದಳು. ಮ್ಯಾನೇಜರ್ ಕಡೆ ತಿರುಗಿದಳು. "ಒಂದು ಮಾರು ತಾಮ್ರದ ತಂತಿ ಕೊಡಿ ಸಾರ್. ಐದು ನಿಮಿಷ ಸಾಕು. ಎಲ್ಲರಿಗೂ ತೋರಿಸ್ತೀನಿ, ಅವರೂ ನೋಡಿ ಬರೀಲಿ."

ಮ್ಯಾನೇಜರ್ ಅದೆಲ್ಲ ಆಮೇಲೆ ಅಂದ. ಆದರೆ ಅಧಿಕಾರಿಗೆ ಇದು ಬೇಗ ಮುಗಿಯುವ ದಾರಿ ಅನ್ನಿಸಿರಬೇಕು, ತಂದುಕೊಡಿ, ಏನೀಗ ಅಂದರು. ಸ್ಟೋರಿನವನನ್ನು ಕರೆದರು. ಅವನು ಮ್ಯಾನೇಜರ್ ಮುಖ ನೋಡಿದ, ಅಧಿಕಾರಿಯ ಮುಖ ನೋಡಿದ, ಹೋದ. ತುಂಬ ಹೊತ್ತಾಯಿತು. ಒಳಗೆ ಕಪಾಟುಗಳು ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು. ಬಂದಾಗ ಅವನ ಕೈಯಲ್ಲಿ ಒಂದು ತಂತಿಯ ಸಿಂಬಿ ಇತ್ತು. ಗೇಟಿನ ಮುಂದೆ ಸ್ವಾಗತದ ಬ್ಯಾನರ್ ಕಟ್ಟಿ ಉಳಿದದ್ದು.

ಕಾಯಿಲಕ್ಕ ಅದನ್ನು ತೆಗೆದುಕೊಂಡು ಬಗ್ಗಿಸಿ ನೋಡಿ, ಅಧಿಕಾರಿಯ ಫೈಲಿನ ಮೇಲೆ ಇಟ್ಟಳು.

"ಇದು ಕಬ್ಬಿಣ ಸಾರ್, ಬೇಲಿ ಕಟ್ಟೋದು. ಬರ್ಕೊಳ್ಳಿ. ವೈಂಡರ್ ಒಬ್ಬಳು ಇದ್ದಾಳೆ. ತಾಮ್ರದ ತಂತಿ ಒಂದು ಮೊಳಾನೂ ಇಲ್ಲ."

ಅಧಿಕಾರಿ ಸ್ಟೋರಿನವನನ್ನು, ನಿಜವಾ ಅಂತ ಕೇಳಿದರು. ಅವನು ನೆಲ ನೋಡುತ್ತಾ, ಬಂದೇ ಇಲ್ಲ ಸಾರ್ ಅಂದ. ಅಧಿಕಾರಿ ಈ ಸಲ ಗಡಿಯಾರ ನೋಡಲಿಲ್ಲ. ಮೊದಲು ಬರೆದ ಸಾಲಿನ ಕೆಳಗೆ, ಹದಿನಾಲ್ಕು ಜನ ನೋಡುತ್ತಿರುವಾಗ, ತಾಮ್ರದ ತಂತಿ ಇಲ್ಲ ಅಂತ ಇನ್ನೊಂದು ಸಾಲು ಬರೆದರು. ಈ ಸಾಲಿಗೆ ನಾಳೆ ಕಾರ್ಖಾನೆಯ ಗೇಟು ಮುಚ್ಚುತ್ತದೋ, ತಂತಿ ಬರುತ್ತದೋ, ಅಥವಾ ರಾಜಧಾನಿಯಲ್ಲಿ ಯಾರೋ ಇದನ್ನೂ ಬ್ಲೇಡಿನಿಂದ ಕೆರೆದುಹಾಕುತ್ತಾರೋ ಕಾಯಿಲಕ್ಕನಿಗೆ ಗೊತ್ತಿರಲಿಲ್ಲ. ಅವಳ ಕೋಪವೂ ಇಳಿದಿರಲಿಲ್ಲ.

ಅವಳಿಯಮ್ಮ ಹಾಳೆಯನ್ನು ಮುಂದೆ ದಾಟಿಸಲಿಲ್ಲ. ಹೆಸರಿನ ಪಕ್ಕದ ಕಾಲಮ್ಮನ್ನು ಖಾಲಿ ಬಿಟ್ಟು, ಪೆನ್ನಿನ ಮುಚ್ಚಳ ಹಾಕಿ, ಪೆನ್ನನ್ನು ಮ್ಯಾನೇಜರ್‌ಗೆ ವಾಪಸ್ ಕೊಟ್ಟಳು.